ಎತ್ತಿಕೊಳ್ಳದ ಹರಕೆ

ಆಷಾಢದ ಬೆಳಗ್ಗೆ ಚಾಮುಂಡಿ ಬೆಟ್ಟದ ಪಾದದಲ್ಲಿ ನಿಂತರೆ ಹರಕೆಗಳಲ್ಲಿ ಎಷ್ಟು ಬಗೆ ಎಂಬುದು ಕಣ್ಣಿಗೆ ಕಾಣುತ್ತದೆ. ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುವವರು, ಕರ್ಪೂರ ಬೆಳಗುವವರು, ಮಂಡಿಯಲ್ಲಿ ಏರುವವರು. ಇವರ ನಡುವೆ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಹರಕೆ ಇದೆ. ಮಗು ಹುಟ್ಟಿದಾಗ ತೂಕ ಕಡಿಮೆ ಇತ್ತು, ನಡಿಗೆ ತಡವಾಯಿತು, ಜ್ವರದಲ್ಲಿ ಸೊರಗಿತು. ಇಲ್ಲವೇ ಏನೂ ಆಗದಿದ್ದರೂ ಹೆತ್ತವಳ ಮನಸ್ಸಿಗೆ ದಿಗಿಲಾಯಿತು. ಆಗ ಅವಳು ಕೈಮುಗಿದು ಬೇಡಿಕೊಳ್ಳುತ್ತಾಳೆ: "ನಿನ್ನ ಬೆಟ್ಟವನ್ನು ಇವನು ತನ್ನ ಕಾಲಲ್ಲೇ ಹತ್ತುವ ಹಾಗೆ ಮಾಡು ತಾಯಿ." ಈ ಹರಕೆಯನ್ನು ತೀರಿಸಬೇಕಾದದ್ದು ಮಗುವಿನ ಕಾಲು. ತಾಯಿಯ ಪಾಲಿಗೆ ಉಳಿಯುವ ಸೇವೆ ಒಂದೇ, ಎತ್ತಿಕೊಳ್ಳದೆ ಇರುವುದು. ನೋಡಲು ಸುಲಭ, ಮಾಡಲು ಬಹಳ ಕಷ್ಟ.

ಹರಕೆ ಹೊತ್ತ ದಿನ ಮುಡುಪು ಕಟ್ಟಿಡಬೇಕು. ಅಂಗೈ ಅಗಲದ ಬಿಳಿ ಹತ್ತಿ ಬಟ್ಟೆಯನ್ನು ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿ, ಅದರಲ್ಲಿ ನಾಣ್ಯ, ನಾಲ್ಕು ಕಾಳು ಅಕ್ಷತೆ ಇಟ್ಟು ಗಂಟು ಹಾಕಿ ದೇವರ ಗೂಡಿನಲ್ಲಿಡುವುದು ವಾಡಿಕೆ. ಬಟ್ಟೆ ಪೂರ್ತಿ ಒಣಗುವ ಮೊದಲೇ ಕಟ್ಟಿದರೆ ಒಳಗಿನ ಅಕ್ಕಿಗೆ ಬೂಷ್ಟು ಹಿಡಿಯುತ್ತದೆ, ನಾಣ್ಯ ಕಪ್ಪಾಗುತ್ತದೆ. ಈ ಹರಕೆ ತೀರಲು ನಾಲ್ಕೈದು ವರ್ಷ ಹಿಡಿಯುತ್ತದೆ, ಆದ್ದರಿಂದ ಒಂದು ದಿನ ಹೆಚ್ಚು ಒಣಗಿಸಿದರೂ ನಷ್ಟವಿಲ್ಲ. ಬೇಡಿಕೊಂಡದ್ದೇನು ಎಂದು ಮಗುವಿನ ತಂದೆಗೋ ಅತ್ತೆಗೋ ಒಂದು ಮಾತು ಹೇಳಿಟ್ಟಿರಬೇಕು. ಹೇಳದೆ ಇಟ್ಟ ಮುಡುಪು ಮನೆ ಬದಲಾಯಿಸುವಾಗ ಕಳೆದುಹೋಗುವುದುಂಟು.

ಈ ಮೆಟ್ಟಿಲುಗಳನ್ನು ಕಟ್ಟಿಸಿದವರು ದೊಡ್ಡ ದೇವರಾಜ ಒಡೆಯರು. 1659ರಿಂದ 1673ರವರೆಗೆ ಅವರ ಆಳ್ವಿಕೆ. ಅರ್ಧಕ್ಕಿಂತ ಮೇಲೆ ಸಿಗುವ ಒಂದೇ ಕಲ್ಲಿನ ನಂದಿಯೂ ಅವರ ಕಾಲದ್ದೇ. ಮೈಸೂರಿನವರ ಬಾಯಲ್ಲಿ ಇದು ಸಾವಿರ ಮೆಟ್ಟಿಲು. ಎಣಿಸಿದವರ ಲೆಕ್ಕ ಹತ್ತಿಪ್ಪತ್ತು ಹೆಚ್ಚು ಕಡಿಮೆಯಾಗುತ್ತದೆ, 1,008 ಎಂದು ಹೇಳುವವರೂ ಇದ್ದಾರೆ. ಮೆಟ್ಟಿಲುಗಳು ಒಂದೇ ಅಳತೆಯವಲ್ಲ. ಕೆಲವು ದೊಡ್ಡವರ ಗೇಣಿಗಿಂತ ಚಿಕ್ಕವು, ಕೆಲವು ಐದು ವರ್ಷದ ಮಗುವಿನ ಮಂಡಿಯವರೆಗೆ ಬರುತ್ತವೆ. ಶುರುವಿನ ಭಾಗವೇ ಹೆಚ್ಚು ಕಡಿದು. ಮಕ್ಕಳು ಸೋಲುವುದು ಹೆಚ್ಚಾಗಿ ಅಲ್ಲಿ.

ಯಾವ ವಯಸ್ಸಿಗೆ ಕರೆದೊಯ್ಯಬೇಕು? ಮೂರಕ್ಕೆ ಬೇಡ. ನಾಲ್ಕರ ಮಗುವನ್ನು ನಂದಿಯಿಂದ ಮೇಲಕ್ಕೆ, ಅಂದರೆ ಕೊನೆಯ ಮೂರನೇ ಒಂದು ಭಾಗ ಮಾತ್ರ ಹತ್ತಿಸಿ ಅಭ್ಯಾಸ ಮಾಡಿಸಬಹುದು; ನಂದಿಯ ಹತ್ತಿರಕ್ಕೆ ವಾಹನ ಹೋಗುವ ರಸ್ತೆ ಇದೆ. ಪಾದದಿಂದ ತುದಿಯವರೆಗೆ ಏರಲು ಆರೇಳು ವರ್ಷ ಸರಿಯಾದ ಕಾಲ. ಹಲ್ಲು ಬೀಳುವ ವಯಸ್ಸು ಅನ್ನಿ. ಆ ವಯಸ್ಸಿನಲ್ಲಿ ಕಾಲಿಗೆ ಬಲ ಬಂದಿರುತ್ತದೆ, ಹಟಕ್ಕೂ ಬಲ ಬಂದಿರುತ್ತದೆ. ದೊಡ್ಡವರು ಮುಕ್ಕಾಲು ಗಂಟೆಯಲ್ಲಿ ಏರುವ ಬೆಟ್ಟಕ್ಕೆ ಮಗುವಿನೊಡನೆ ಎರಡು ಗಂಟೆ, ಮೆಟ್ಟಿಲಿಗೆ ಅರಿಸಿನ ಹಚ್ಚುತ್ತಾ ಹೋದರೆ ಮೂರು ಗಂಟೆ ಇಟ್ಟುಕೊಳ್ಳಬೇಕು.

ಆಷಾಢ ಶುಕ್ರವಾರವೇ ಆಗಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಆ ದಿನಗಳ ಜನಸಂದಣಿಯಲ್ಲಿ ಮಗು ತನ್ನ ಲಯದಲ್ಲಿ ಹತ್ತಲಾರದು, ಹಿಂದಿನವರು ನೂಕುತ್ತಾರೆ, ನಿಂತರೆ ಗದರುತ್ತಾರೆ. ಅಮ್ಮನವರ ವರ್ಧಂತಿ ಆಷಾಢ ಕೃಷ್ಣ ಸಪ್ತಮಿ, ಅಂದೂ ಹಾಗೆಯೇ. ಅದೇ ಮಾಸದ ಒಂದು ಬುಧವಾರವೋ ಗುರುವಾರವೋ ಹೋದರೆ ಹರಕೆಗೆ ಕಡಿಮೆಯಾಗುವುದಿಲ್ಲ. ಬೆಳಗ್ಗೆ ಆರಕ್ಕೆ ಪಾದ ಬಿಡಬೇಕು. ಬಿಸಿಲಿನ ತಿಂಗಳಾದರೆ ಹತ್ತರ ಹೊತ್ತಿಗೆ ಕಲ್ಲು ಕಾದು ಬರಿಗಾಲು ಸುಡುತ್ತದೆ. ಮಳೆಯ ತಿಂಗಳಲ್ಲಿ ಅಂಚುಗಳಲ್ಲಿ ಪಾಚಿ, ಮಗುವನ್ನು ನಡುವೆ ನಡೆಸಬೇಕು.

ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿಯೋ ಒಂದು ಹಿಡಿ ಮೊಸರವಲಕ್ಕಿಯೋ ಸಾಕು. ದೊಡ್ಡ ಲೋಟ ಹಾಲು ಕುಡಿಸಿ ಹೊರಡಿಸಿದರೆ ನೂರು ಮೆಟ್ಟಿಲಿಗೆ ವಾಂತಿ. ದಾರಿಯಲ್ಲಿ ನೀರು ಗುಟುಕು ಗುಟುಕಾಗಿ, ಒಟ್ಟು ಅರ್ಧ ಲೀಟರ್ ಇರಲಿ; ಗಟಗಟ ಕುಡಿದರೆ ಪಕ್ಕೆ ಹಿಡಿಯುತ್ತದೆ. ಬಾಳೆಹಣ್ಣು ಕೈಯಲ್ಲಿ ಕಾಣಿಸಬಾರದು. ಅಲ್ಲಿನ ಕೋತಿಗಳು ಪ್ಲಾಸ್ಟಿಕ್ ಚೀಲದ ಸದ್ದಿಗೇ ಬಂದು ಕಿತ್ತುಕೊಳ್ಳುತ್ತವೆ, ಹೆದರಿದ ಮಗು ಆಮೇಲೆ ಸೆರಗು ಬಿಡುವುದಿಲ್ಲ. ಬಟ್ಟೆಯ ಚೀಲದ ತಳದಲ್ಲಿ ಹಣ್ಣು, ಅದರ ಮೇಲೆ ಒಂದು ಜೊತೆ ಬಟ್ಟೆ, ಹೀಗೆ ಕಟ್ಟಿಕೊಂಡರೆ ಕ್ಷೇಮ.

ಅರಿಸಿನದ ಲೆಕ್ಕ. ಮೆಟ್ಟಿಲಿಗೆ ಒಂದು ಚಿಟಿಕೆಯಂತೆ ಸಾವಿರ ಮೆಟ್ಟಿಲಿಗೆ ಕಾಲು ಕೆಜಿ ಹತ್ತಿರ ಬೇಕು, ಕುಂಕುಮ ನೂರು ಗ್ರಾಂ. ಒಣಪುಡಿಯನ್ನು ಬೆಟ್ಟದ ಗಾಳಿ ಎತ್ತಿಕೊಂಡು ಹೋಗಿ ಮಗುವಿನ ಕಣ್ಣಿಗೇ ಹಾಕುತ್ತದೆ. ಎಲ್ಲವನ್ನೂ ಮನೆಯಲ್ಲೇ ಕಲಸಿ ತಂದರೆ ನಡುದಾರಿಯಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದ ಪುಡಿ ಬೇರೆ, ನೀರು ಬೇರೆ ಇಟ್ಟುಕೊಂಡು, ಚಿಕ್ಕ ಬಟ್ಟಲಲ್ಲಿ ಇನ್ನೂರು ಮೆಟ್ಟಿಲಿಗೆ ಆಗುವಷ್ಟನ್ನೇ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿಕೊಳ್ಳಬೇಕು. ಹಚ್ಚುವುದು ಮೆಟ್ಟಿಲಿನ ಮುಖಕ್ಕೆ, ಕಾಲಿಡುವ ಜಾಗಕ್ಕೆ ಬೇಡ. ಒದ್ದೆ ಅರಿಸಿನ ಜಾರುತ್ತದೆ, ಹಿಂದೆ ಬರುವವರಲ್ಲಿ ವಯಸ್ಸಾದವರಿರುತ್ತಾರೆ. ಬಣ್ಣ ಬೆರೆಸಿದ ಅಗ್ಗದ ಕುಂಕುಮ ಎಳೆ ಚರ್ಮಕ್ಕೆ ಉರಿ ತರುತ್ತದೆ, ಅರಿಸಿನದಿಂದಲೇ ಮಾಡಿದ ಕುಂಕುಮವನ್ನು ಕೇಳಿ ತರಬೇಕು. ಅರಿಸಿನ ಅಮ್ಮ ಹಚ್ಚಲಿ, ಅದರ ನಡುವಿನ ಕುಂಕುಮದ ಬೊಟ್ಟು ಮಗು ಇಡಲಿ. ಉಂಗುರ ಬೆರಳಿನಲ್ಲಿ ಇಡುವುದನ್ನು ಮೊದಲ ಹತ್ತು ಮೆಟ್ಟಿಲಲ್ಲೇ ಕಲಿತುಬಿಡುತ್ತವೆ. ಇದರಲ್ಲಿ ಇನ್ನೊಂದು ಉಪಕಾರವಿದೆ: ಪ್ರತಿ ಮೆಟ್ಟಿಲಿಗೂ ಬಾಗಬೇಕಾದದ್ದರಿಂದ ಓಡುವ ಮಗು ತಾನಾಗಿ ನಿಧಾನವಾಗುತ್ತದೆ. ಅಮ್ಮನ ಸೊಂಟ ಹಿಡಿದರೆ ನಂದಿಯವರೆಗೆ ಹಚ್ಚಿ, ಅಲ್ಲಿಂದ ಐದಕ್ಕೊಂದರಂತೆ ಹಚ್ಚಿದರೂ ಸಾಕು.

ಓಡುವುದೇ ಮಕ್ಕಳ ಮೊದಲ ತಪ್ಪು. ಪಾದದಲ್ಲಿ ಉತ್ಸಾಹ ತುಂಬಿ ನೂರು ಮೆಟ್ಟಿಲನ್ನು ಒಂದೇ ಉಸಿರಿಗೆ ಏರುತ್ತವೆ, ಇನ್ನೂರರ ಹೊತ್ತಿಗೆ ಮುಖ ಕೆಂಪಾಗಿ ಕೂತುಬಿಡುತ್ತವೆ. ಇಪ್ಪತ್ತೈದು ಹತ್ತಿ ಹತ್ತು ಉಸಿರು ನಿಲ್ಲುವುದು ಒಳ್ಳೆಯ ಕ್ರಮ. ಎಣಿಕೆಗೆ ಹುಣಸೆ ಬೀಜ ಬಹಳ ಚೆನ್ನಾಗಿ ಒದಗುತ್ತದೆ. ಹತ್ತು ಬೀಜ ತೊಳೆದು ಒರೆಸಿ ಮಗುವಿನ ಎಡ ಜೇಬಿಗೆ ಹಾಕಬೇಕು. ನೂರು ಮೆಟ್ಟಿಲಾದಾಗ ಒಂದು ಬೀಜ ಬಲ ಜೇಬಿಗೆ. ಸಾವಿರ ಎಂಬುದು ಆರು ವರ್ಷದ ತಲೆಗೆ ನಿಲುಕದ ಸಂಖ್ಯೆ, ಹತ್ತು ಬೀಜ ಮಾತ್ರ ಕೈಗೆ ಸಿಗುವ ಲೆಕ್ಕ. ಮೂರನೆಯ ಬೀಜದ ಹತ್ತಿರ ಅಳು ಬರುತ್ತದೆ, ಬಂದೇ ಬರುತ್ತದೆ. "ಅಮ್ಮಾ, ಎತ್ಕೋ." ಆಗ ಬೈಯುವುದೂ ಬೇಡ, ಚಾಕೊಲೇಟಿನ ಆಸೆ ತೋರಿಸುವುದೂ ಬೇಡ. ಅಮ್ಮನೂ ಅದೇ ಮೆಟ್ಟಿಲಿನ ಮೇಲೆ ಕೂರಬೇಕು. ಕಾಲು ನೀವಿ, ಬೆವರು ಒರೆಸಿ, ಒಂದು ಚೂರು ಬೆಲ್ಲ ಬಾಯಿಗಿಟ್ಟು, "ಆ ಮರದ ತನಕ ಹೋಗಿ ಮತ್ತೆ ಕೂರೋಣ ಕಂದ" ಅಂದರೆ ಸಾಕು. ಆಮೇಲೆ ಸುಮ್ಮನಿರಬೇಕು. ಸ್ವಲ್ಪ ಹೊತ್ತು ಮಗು ಜೇಬಿನಲ್ಲಿ ಕೈಯಾಡಿಸುತ್ತದೆ. ಬಲಕ್ಕೆ ಎಷ್ಟು, ಎಡಕ್ಕೆ ಎಷ್ಟು ಎಂದು ನೋಡಿಕೊಳ್ಳುತ್ತದೆ. ಮೂಗು ಒರೆಸಿಕೊಂಡು, ಯಾರೂ ಹೇಳದೆ, ಮುಂದಿನ ಕಲ್ಲಿಗೆ ಕೈಯೂರಿ ಏಳುತ್ತದೆ. ನಡೆಯುವುದು ತಡವಾಯಿತೆಂದು ಅತ್ತ ತಾಯಿಗೆ ಆ ಏಳುವಿಕೆಯಲ್ಲೇ ಹರಕೆ ಮುಕ್ಕಾಲು ತೀರಿರುತ್ತದೆ.

ತಾಯಂದಿರು ಮಾಡುವ ತಪ್ಪುಗಳಲ್ಲಿ ಕೆಟ್ಟದ್ದು ಹೋಲಿಕೆ. "ನಿಮ್ಮಣ್ಣ ಐದು ವರ್ಷಕ್ಕೇ ಹತ್ತಿದ್ದ" ಎಂಬ ಒಂದು ಮಾತು ಸಾಕು, ಕಾಲು ಅಲ್ಲೇ ನಿಲ್ಲುತ್ತದೆ. ಅಣ್ಣನ ಬೆಟ್ಟ ಅಣ್ಣನದು. ಇನ್ನೊಂದು, ಮೊಬೈಲು ಹಿಡಿದು ಮುಂದೆ ಮುಂದೆ ಹಿಮ್ಮುಖವಾಗಿ ಏರುವುದು. ಅದರಲ್ಲಿ ಅಪಾಯ ಇದ್ದೇ ಇದೆ, ಮೇಲಾಗಿ ಮಗು ತಾಯಿಯ ಮುಖದ ಬದಲು ಫೋನಿನ ಬೆನ್ನು ನೋಡುತ್ತಾ ಹತ್ತಬೇಕಾಗುತ್ತದೆ. ನಂದಿಯ ಮುಂದೆ ಒಂದು ಪಟ ತೆಗೆದರೆ ಸಾಲದೆ?

ಆ ನಂದಿಯ ಹತ್ತಿರ ಕಾಲು ಗಂಟೆಯಾದರೂ ಕೂರಬೇಕು. ಎತ್ತರ ಸುಮಾರು 16 ಅಡಿ, ಉದ್ದ 25 ಅಡಿ. ಅಲ್ಲಿಗೆ ಬರುವ ಹೊತ್ತಿಗೆ ಬಲ ಜೇಬಿನಲ್ಲಿ ಆರೇಳು ಬೀಜ ಸೇರಿರುತ್ತವೆ. ಪ್ರದಕ್ಷಿಣೆ ಮಾಡುವಾಗ ಕೊರಳಿನ ಗಂಟೆಗಳ ಸಾಲನ್ನು ತೋರಿಸಿ. ಕಲ್ಲಿನಲ್ಲಿ ಒಂದೊಂದನ್ನೂ ಬಿಡಿಸಿ ಕೆತ್ತಿದ್ದಾರೆ, ಎಣಿಸುವ ಅಭ್ಯಾಸಕ್ಕೆ ಬಿದ್ದ ಮಗು ಅದನ್ನೂ ಎಣಿಸಲು ಹೋಗುತ್ತದೆ. ಹಣ್ಣು ತಿನ್ನಿಸಲು ಇದೇ ಜಾಗ, ಕೋತಿಗಳ ಕಡೆ ಒಬ್ಬರು ಕಣ್ಣಿಟ್ಟಿರಬೇಕು. ಅಂಗಾಲು ನೋಡಬೇಕಾದದ್ದೂ ಇಲ್ಲೇ. ಬೊಬ್ಬೆ ಎದ್ದಿದ್ದರೆ, ಮೈ ಬಿಸಿಯಾಗಿದ್ದರೆ, ನಿಂತಾಗಲೂ ಕಾಲು ನಡುಗುತ್ತಿದ್ದರೆ ಆ ವರ್ಷಕ್ಕೆ ಅಷ್ಟೇ. ನಿಂತ ಮೆಟ್ಟಿಲಿಗೆ ಅರಿಸಿನ ಕುಂಕುಮ ಇಟ್ಟು, ಉಳಿದ ಬೀಜಗಳನ್ನು ಮುಡುಪಿನ ಜೊತೆಗೇ ಗಂಟು ಹಾಕಿ, "ಮಿಕ್ಕದ್ದನ್ನು ಬರುವ ವರ್ಷ ಬಂದು ಒಪ್ಪಿಸುತ್ತಾನೆ ತಾಯಿ" ಎಂದು ಬೇಡಿಕೊಂಡು ರಸ್ತೆಯಿಂದ ಮೇಲೆ ಹೋಗಿ ದರ್ಶನ ಮಾಡಬಹುದು. ಹರಕೆ ಮುರಿಯಿತೆಂದು ಕೊರಗಬೇಕಿಲ್ಲ. ಹುಟ್ಟಿನಿಂದ ಕಾಲಿನ ತೊಂದರೆ ಇರುವ ಮಕ್ಕಳಿಗೆ ಹನ್ನೊಂದು ಮೆಟ್ಟಿಲೇ ಹರಕೆಯಾದರೆ ಆ ಹನ್ನೊಂದೇ ಪೂರ್ತಿ ಬೆಟ್ಟ. ಮಹಿಷನನ್ನು ಮೆಟ್ಟಿದ ತಾಯಿಗೆ ಮಕ್ಕಳ ಬಲದ ಅಳತೆ ಗೊತ್ತಿಲ್ಲವೇ?

ಮಕ್ಕಳ ಬೆಳವಣಿಗೆಯನ್ನು ಬಾಯಿಬಿಟ್ಟು ಹೊಗಳಬಾರದು, ಹೆತ್ತವಳ ಕಣ್ಣೇ ಮೊದಲು ತಾಗುತ್ತದೆ ಎಂದು ನಮ್ಮ ಹಿರಿಯರು ಅಂಜುತ್ತಿದ್ದರು. ಮಗು ಬೋರಲು ಬಿದ್ದಾಗ, ಅಂಬೆಗಾಲಿಟ್ಟಾಗ, ಹೊಸಿಲು ದಾಟಿದಾಗ ಸಿಹಿ ಹಂಚಿ ಆರತಿ ಎತ್ತಿ ಸಂತೋಷವನ್ನು ದೇವರ ಕಡೆಗೆ ತಿರುಗಿಸುತ್ತಿದ್ದರು. ಹೆಮ್ಮೆ ಪಡಬೇಡ ಎಂದು ತಾಯಿಗೆ ಹೇಳಿ ಪ್ರಯೋಜನವಿಲ್ಲ, ಅದು ಎದೆಹಾಲಿನಷ್ಟೇ ಸಹಜ. ಉಕ್ಕಿ ಬರುವ ಆ ಹೆಮ್ಮೆಗೆ ಒಂದು ಪಾತ್ರೆ ಬೇಕು. ಈ ಬೆಟ್ಟದಲ್ಲಿ ಅದಕ್ಕೆ ಸಾವಿರ ಜಾಗಗಳಿವೆ. ಮಗು ಒಂದು ಮೆಟ್ಟಿಲು ಗೆದ್ದಾಗಲೆಲ್ಲ ತಾಯಿ ಬಾಗಿ ಆ ಕಲ್ಲಿಗೆ ಅರಿಸಿನ ಇಡುತ್ತಾಳೆ. ಬಾಗಿದವಳ ತಲೆ ಮಗುವಿನ ತಲೆಗಿಂತ ಕೆಳಗೆ ಬರುತ್ತದೆ.

ನಂದಿಯಿಂದ ಮೇಲೆ ಹತ್ತುವುದು ಹಗುರ. ಹಿಂತಿರುಗಿ ನೋಡಿದರೆ ಕೆಳಗೆ ಇಡೀ ಮೈಸೂರು ಕಾಣುತ್ತದೆ, ಮಕ್ಕಳು ತಮ್ಮ ಮನೆ ಹುಡುಕುತ್ತಾರೆ. ಹತ್ತನೆಯ ಬೀಜ ಬಲ ಜೇಬಿಗೆ ಬಿದ್ದ ಮೇಲೂ ಮೆಟ್ಟಿಲು ಉಳಿದಿದ್ದರೆ ಗಾಬರಿಯಾಗುವುದು ಬೇಡ, ನಡುವೆ ಎಣಿಕೆ ತಪ್ಪಿರುತ್ತದೆ. ತುದಿ ಮುಟ್ಟಿದ ಮೇಲೆ ಕೈಕಾಲು ತೊಳೆಸಿ, ಬೇರೆ ಬಟ್ಟೆ ಹಾಕಿಸಿ, ಐದು ನಿಮಿಷ ನೆರಳಲ್ಲಿ ಕೂರಿಸಿ ಆಮೇಲೆ ಸಾಲಿಗೆ ನಿಲ್ಲಬೇಕು. ಬೆವರಿದ ಮೈಯಲ್ಲಿ ಬೆಟ್ಟದ ಗಾಳಿಗೆ ನಿಂತರೆ ಮಗುವಿಗೆ ಚಳಿಯಾಗುತ್ತದೆ. ಮುಡುಪನ್ನು ಬಿಚ್ಚದೆ ಹಾಗೇ ಹುಂಡಿಗೆ ಹಾಕುವುದು, ಹಾಕುವ ಕೈ ಮಗುವಿನದಾಗಿರಲಿ. ಹಿಂತಿರುಗುವಾಗ ಬಸ್ಸು ಹಿಡಿಯಿರಿ. ದಣಿದ ಕಾಲಿಗೆ ಇಳಿಜಾರು ಏರಿಗಿಂತ ಅಪಾಯ, ಮಕ್ಕಳು ಬಿದ್ದು ಮಂಡಿ ಒಡೆದುಕೊಳ್ಳುವುದು ಇಳಿಯುವಾಗಲೇ.

ಗರ್ಭಗುಡಿಯ ಮುಂದೆ ನಿಲ್ಲಲು ಸಿಗುವುದು ಕೆಲವೇ ಕ್ಷಣ. ಆರು ವರ್ಷದ ಕಣ್ಣಿನ ಎತ್ತರದಲ್ಲಿ ಅಲ್ಲಿ ಕಾಣುವುದು ಮುಂದಿನವರ ಸೊಂಟ, ಸೀರೆ, ಪಂಚೆ ಮಾತ್ರ. ಅಷ್ಟಭುಜದ ಅಮ್ಮನ ಮುಖ ಕಾಣಬೇಕಾದರೆ ಈಗ ಎತ್ತಿಕೊಳ್ಳಬೇಕು. ಬೆಳಗಿನಿಂದ ತಡೆದುಕೊಂಡ ಕೈಯನ್ನು ತಾಯಿ ಇಲ್ಲಿ ಚಾಚಬಹುದು. ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಉಳಿದ ಅರಿಸಿನ ಆ ಪುಟ್ಟ ಪಾದಗಳಿಂದ ಅವಳ ಸೀರೆಯ ನೆರಿಗೆಗೆ ಹತ್ತಿಕೊಳ್ಳುತ್ತದೆ.