ಅರ್ಧ ಇಂಚಿನ ಆ್ಯಂಗಲ್ ಅಂಗಡಿಯಲ್ಲಿ ಸಿಗಲ್ಲ

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಅರ್ಧ ಇಂಚಿನ ಆ್ಯಂಗಲ್, 18 ಗೇಜು’ ಅಂತ ಕೇಳಿ ನೋಡಿ. ಆ್ಯಂಗಲ್ ಅಂದರೆ ಎಲ್ ಆಕಾರದ ಪಟ್ಟಿ, ಗೇಜು ಅಂದರೆ ದಪ್ಪದ ಅಳತೆ. ಮೊದಲು ನಿಮ್ಮ ಮುಖ ನೋಡುತ್ತಾರೆ. ಆಮೇಲೆ 20-20-3 ತಂದು ಮುಂದಿಡುತ್ತಾರೆ. ಇದಕ್ಕಿಂತ ಸಣ್ಣದು ಬರಲ್ಲ ಅನ್ನುತ್ತಾರೆ. ಅವರು ಹೇಳುವುದು ನಿಜ. ಅಂಗಡಿಯಲ್ಲಿ ಸಿಗುವ ಕಬ್ಬಿಣದ ಆ್ಯಂಗಲ್ ಶುರುವಾಗುವುದೇ ಅಲ್ಲಿಂದ, 20 ಎಂಎಂ ಅಗಲ, 3 ಎಂಎಂ ದಪ್ಪ. ಗೇಟಿಗೆ, ಶೆಡ್ಡಿಗೆ, ಟ್ಯಾಂಕಿನ ಸ್ಟ್ಯಾಂಡಿಗೆ ಅದು ಸಾಕು. ಹಳೆ ರೇಸ್ ಕಾರಿನ ಬಾಡಿಯೊಳಗೆ ಅದನ್ನು ಹಾಕಬಾರದು. ಇಷ್ಟು ಮಾತಿಗೆ ನಮ್ಮ ಗ್ಯಾರೇಜಿನಲ್ಲಿ ಮಳೆಗಾಲ ಪೂರ್ತಿ ಜಗಳ ನಡೆಯಿತು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನಾನು ಕಾರವಾರದಲ್ಲಿ ಟಿಂಕರಿಂಗ್ ಕೆಲಸದವನು. ದಿನಾ ಬರುವುದು ಬಂಪರ್, ಡೋರು, ಹೆದ್ದಾರಿಯಲ್ಲಿ ಗುದ್ದಿಸಿಕೊಂಡ ಬಾನೆಟ್ಟು. ಅದರ ನಡುವೆ ಈ ಹಳೆ ರೇಸ್ ಕಾರು ರೆಸ್ಟೋರೇಶನ್ನಿಗೆ ಬಂತು. ಕೆಳಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ಅನ್ನುವ ಹಳೆ ಕಾರಿನ ಚಾಸಿ, ಮೇಲೆ ಯಾರೋ ಕೈಯಲ್ಲೇ ಬಡಿದು ಮಾಡಿದ ಅಲ್ಯೂಮಿನಿಯಂ ಬಾಡಿ. ಹೆರಾಲ್ಡಿಗೆ ಬಾಡಿ ಬೇರೆ, ಚಾಸಿ ಬೇರೆ. ಹಾಗಾಗಿ ಬಾಡಿ ಬಿಚ್ಚಿಟ್ಟು ಅದರ ಮೇಲೆ ಇಂಥ ಸಿಂಗಲ್ ಸೀಟರ್ ಕಟ್ಟುವುದು ಸುಲಭ. ಚೆನ್ನೈ ಹತ್ತಿರದ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ರನ್‌ವೇ ಇದೆ. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಬರುವ ಮುಂಚೆ ದಕ್ಷಿಣದ ದೊಡ್ಡ ರೇಸುಗಳು ನಡೆಯುತ್ತಿದ್ದದ್ದು ಅಲ್ಲೇ. ಈ ಕಾರೂ ಅಲ್ಲಿ ಓಡಿದ್ದು ಅಂತ ಕಾರಿನ ಯಜಮಾನರು ಹೇಳಿದರು. ಆಮೇಲೆ ಅದು ಸಮುದ್ರದ ದಂಡೆಯ ಶೆಡ್ಡೊಂದರಲ್ಲಿ ವರ್ಷಗಟ್ಟಲೆ ನಿಂತಿತ್ತು.

ಸ್ಕಿನ್, ಅಂದರೆ ಹೊರಗಿನ ಅಲ್ಯೂಮಿನಿಯಂ ಶೀಟು, ಬಿಚ್ಚಿದಾಗ ಒಳಗಿನ ಕಥೆ ಗೊತ್ತಾಯಿತು. ಇಡೀ ಬಾಡಿ ನಿಂತಿದ್ದು ತೆಳ್ಳನೆಯ ಕಬ್ಬಿಣದ ಆ್ಯಂಗಲ್ ಮೇಲೆ. ಕೌಲಿನ (ಚಾಲಕನ ಮುಂದಿನ ಭಾಗ) ಸುತ್ತ, ಕಾಕ್‌ಪಿಟ್ ಅಂಚಿಗೆ, ಬಾಲದ ಉದ್ದಕ್ಕೂ ಅದೇ. ಅಲ್ಯೂಮಿನಿಯಂ ಶೀಟನ್ನು ಅದಕ್ಕೆ ತಾಗಿಸಿ ರಿವೆಟ್ ಹೊಡೆದಿದ್ದರು. ಮುಕ್ಕಾಲು ಪಾಲು ಆ್ಯಂಗಲ್ ತುಕ್ಕು ತಿಂದು ಬೆರಳಲ್ಲಿ ಮುರಿಯುವ ಹಾಗಾಗಿತ್ತು.

ಮ್ಯಾನೇಜರ್ ಬಂದು ನೋಡಿದರು. ಫೋಟೋ ತೆಗೆದು ಅಂಗಡಿಗೆ ವಾಟ್ಸಾಪ್ ಮಾಡಿದರು. ಸಂಜೆಯ ಹೊತ್ತಿಗೆ 20-20-3 ಬಂದು ಬಿತ್ತು. ‘ಗಟ್ಟಿ ಇರುತ್ತೆ ಬಿಡೋ, ಯಾರು ಒಳಗೆ ನೋಡ್ತಾರೆ?’ ಅಂದರು. ನಮ್ಮಲ್ಲಿ ಪರ್ಚೇಸ್ ನಡೆಯುವುದೇ ಹೀಗೆ. ಯಾವುದು ಸಿಗುತ್ತದೋ ಅದು ಬೇಕಾದದ್ದಾಗಿಬಿಡುತ್ತದೆ.

ನಾನು ಲೆಕ್ಕ ಹಾಕಿ ತೋರಿಸಿದೆ. 20-20-3 ಮೀಟರಿಗೆ ಸುಮಾರು 900 ಗ್ರಾಂ ತೂಗುತ್ತದೆ. ಹಳೆಯದು ಅರ್ಧ ಇಂಚು, 18 ಗೇಜು ಅಂದರೆ 1.2 ಎಂಎಂ ದಪ್ಪ, ಮೀಟರಿಗೆ 230 ಗ್ರಾಂ ಆಸುಪಾಸು. ಇಡೀ ಬಾಡಿಯ ಫ್ರೇಮಿಗೆ 20 ಮೀಟರ್ ಬೇಕು ಅಂತಿಟ್ಟುಕೊಳ್ಳಿ. ನಾಲ್ಕೂವರೆ ಕೆಜಿ ಇದ್ದ ಜಾಗದಲ್ಲಿ 18 ಕೆಜಿ ಆಗುತ್ತದೆ. ತೂಕ ಹಾಗಿರಲಿ, 3 ಎಂಎಂ ಅನ್ನು ಕೌಲಿನ ತಿರುವಿಗೆ ಬಗ್ಗಿಸಬೇಕಾದರೆ ಕೆಂಪಗೆ ಕಾಯಿಸಬೇಕು. ಉಳಿದಿರುವ ಒಳ್ಳೆ 1.2ಕ್ಕೆ ಅದನ್ನು ವೆಲ್ಡ್ ಮಾಡಲು ಹೋದರೆ ದಪ್ಪದ್ದು ಕಾಯುವ ಮೊದಲೇ ತೆಳ್ಳಗಿನದು ತೂತು ಬೀಳುತ್ತದೆ. ಕಟ್ಟಿದವನು ಅಷ್ಟು ತೆಳ್ಳಗೆ ಹಾಕಿದ್ದು ಸುಮ್ನೆ ಅಲ್ಲ.

ಮುಂದಿನ ಸಲಹೆ ಕಿಟಕಿ ಸೆಕ್ಷನ್ ಅಂಗಡಿಯದು. ಅಲ್ಯೂಮಿನಿಯಂ ಆ್ಯಂಗಲ್ ಅರ್ಧ ಇಂಚಿಗೂ ಸಿಗುತ್ತದೆ, ನಿಜ. ಆದರೆ ಅದು ಸಾಮಾನ್ಯವಾಗಿ 6063 ಅನ್ನುವ ಮಿಶ್ರಲೋಹ, ಹದ ಕೊಟ್ಟು ಗಟ್ಟಿ ಮಾಡಿದ್ದು. ನೇರ ಕಿಟಕಿಗೆ ಚೆಂದ. ಒಂದು ತುಂಡನ್ನು ತಿರುವಿಗೆ ಬಡಿಯಲು ಹೋದೆ, ಅಂಚು ಸೀಳಿತು. ಸೋಪು ಹಚ್ಚಿ, ಅದು ಕಪ್ಪಾಗುವವರೆಗೆ ಕಾಯಿಸಿ ಮೆತ್ತಗೆ ಮಾಡಬಹುದು. ಆದರೂ ಉಳಿದ ಕಬ್ಬಿಣದ ಫ್ರೇಮಿಗೆ ಅದನ್ನು ವೆಲ್ಡ್ ಮಾಡುವ ಹಾಗಿಲ್ಲ. ಅರ್ಧ ಫ್ರೇಮ್ ಕಬ್ಬಿಣ, ಅರ್ಧ ಅಲ್ಯೂಮಿನಿಯಂ ಆದರೆ ಅದು ರೆಸ್ಟೋರೇಶನ್ ಹೇಗಾಗುತ್ತದೆ?

ಉತ್ತರ ಹಳೆ ತುಂಡಿನಲ್ಲೇ ಇತ್ತು. ತುಕ್ಕು ಕೆರೆದು ಅದರ ಮೂಲೆ ನೋಡಿದೆ. ಅಂಗಡಿಯ ಆ್ಯಂಗಲ್ಲಿನ ಹೊರಮೂಲೆ ಚೂಪಾಗಿರುತ್ತದೆ, ಒಳಗೆ ತುಂಬಿದ ಹಾಗಿರುತ್ತದೆ. ಇದರ ಹೊರಮೂಲೆ ದುಂಡಗಿತ್ತು, ಎಲ್ಲ ಕಡೆ ಒಂದೇ ದಪ್ಪ. ಅಂದರೆ ಇದು ಶೀಟನ್ನು ಮಡಚಿ ಮಾಡಿದ್ದು. ಮೊದಲು ಕಟ್ಟಿದವನಿಗೂ ಇದು ಅಂಗಡಿಯಲ್ಲಿ ಸಿಕ್ಕಿರಲಿಲ್ಲ! ತುಂಡನ್ನು ಬಡಿದು ಚಪ್ಪಟೆ ಮಾಡಿ ಅಳೆದೆ. 23 ಎಂಎಂ ಚಿಲ್ಲರೆ ಬಂತು. ಎರಡು ಅರ್ಧ ಇಂಚು ಸೇರಿದರೆ 25.4 ಆಗಬೇಕಲ್ವಾ? ಮಡಚುವಾಗ ಶೀಟು ಮೂಲೆಯಲ್ಲಿ ದುಂಡಗೆ ತಿರುಗುವುದರಿಂದ ಎರಡು ಎಂಎಂ ಕಡಿಮೆ ಸಾಕು. ಕತ್ತರಿಸುವ ಅಳತೆಯೂ ಸಿಕ್ಕಿತು.

ಹಾಗಾದರೆ ಹುಡುಕಬೇಕಾದದ್ದು ಆ್ಯಂಗಲ್ ಮಾರುವವರನ್ನಲ್ಲ, ಶೀಟ್ ಮಡಚುವವರನ್ನು. ಕಬ್ಬಿಣದ ಕಪಾಟು ಮಾರುವ ಅಂಗಡಿಯಲ್ಲಿ ಕೇಳಿದೆ. ಅವರು ಹುಬ್ಬಳ್ಳಿಯ ಬೆಂಡಿಂಗ್ ಶಾಪೊಂದರ ನಂಬರ್ ಕೊಟ್ಟರು. ಮ್ಯಾನೇಜರ್ ಮೂರು ಕೊಟೇಶನ್ ತಾ ಅಂದರು. ಇಷ್ಟು ಸಣ್ಣ ಕೆಲಸಕ್ಕೆ ಯಾರು ಕೊಟೇಶನ್ ಕೊಡುತ್ತಾರೆ? ಯಜಮಾನರೇ ಫೋನ್ ಮಾಡಿ ಹೇಳಿದ ಮೇಲೆ ಆ ಮಾತು ಬಿಟ್ಟರು. ಇನ್ನೊಂದು ಹಳೆ ತುಂಡು ಚೀಲದಲ್ಲಿಟ್ಟುಕೊಂಡು ಅರಬೈಲ್ ಘಟ್ಟ ಹತ್ತಿದೆ. ಫೋಟೋ ಕಳಿಸಿದರೆ ಮತ್ತೆ 20-20-3 ಕಥೆಯೇ ಆಗುತ್ತಿತ್ತು.

ಅಲ್ಲಿ ಸಿಆರ್ ಶೀಟನ್ನೇ (ಕಾಯಿಸದೆ ಉರುಳಿಸಿದ, ಲೇಪನ ಇಲ್ಲದ ಶೀಟು) ಕೇಳಿ ತೆಗೆದುಕೊಂಡೆ. ಸತು ಲೇಪಿಸಿದ ಜಿಐ ಬೇಡ ಅಂದೆ, ವೆಲ್ಡ್ ಮಾಡುವಾಗ ಸತುವಿನ ಹೊಗೆ ಕುಡಿಯಬೇಕಾಗುತ್ತದೆ. ಶಿಯರಿಂಗ್‌ನಲ್ಲಿ ಪಟ್ಟಿ ಕತ್ತರಿಸಿದರು. ಅಷ್ಟು ಸಣ್ಣ ಪಟ್ಟಿ ಬ್ಲೇಡಿನಿಂದ ಹೊರಗೆ ಬರುವಾಗ ತಿರುಚಿಕೊಳ್ಳುತ್ತದೆ. ಮರದ ಹಲಗೆಯ ಮೇಲಿಟ್ಟು ಒಂದೊಂದನ್ನೂ ಕೈಯಲ್ಲೇ ನೇರ ಮಾಡಿದೆ.

ಶೀಟ್ ಮಡಚುವ ಪ್ರೆಸ್ ಬ್ರೇಕ್ ಮಷೀನಿನ ಹತ್ತಿರ ಕೆಲಸ ನಿಂತಿತು. ಅವತ್ತು ಅವರು 3 ಎಂಎಂ ಬ್ರಾಕೆಟ್ ಮಡಚುತ್ತಿದ್ದರು. ಕೆಳಗಿನ ಅಚ್ಚು, ಅಂದರೆ ಡೈಯ ವಿ ಆಕಾರದ ತೋಡು 25 ಎಂಎಂ ಅಗಲ. ಮೊದಲ ಪಟ್ಟಿ ಇಟ್ಟು ಪೆಡಲ್ ಒತ್ತಿದರು. ಪಟ್ಟಿಗೆ ಎರಡೂ ಕಡೆ ಕೂರಲು ಜಾಗವೇ ಇಲ್ಲ, ವಿ ಒಳಗೆ ಬಿದ್ದು ಸೊಟ್ಟಗಾಯಿತು. ‘ಆಗೂದಿಲ್ರೀ, ಇದು ಭಾಳ ಸಣ್ಣದೈತಿ’ ಅಂದರು ಆಪರೇಟರ್. ವಿ ಅಗಲ ಶೀಟಿನ ದಪ್ಪದ ಎಂಟು ಪಟ್ಟು ಇರಬೇಕು ಅನ್ನುವುದು ಈ ಕೆಲಸದ ರೂಢಿ. 1.2ಕ್ಕೆ 10 ಎಂಎಂ ಸಾಕು. ನಾನು ಬಗ್ಗಿ ಡೈ ನೋಡಿದೆ. ಅದು ನಾಲ್ಕು ಮುಖದ ಡೈ, ಒಂದೊಂದು ಮುಖಕ್ಕೆ ಒಂದೊಂದು ಅಳತೆ. ಸಣ್ಣ ತೋಡು ಕೆಳಗಿನ ಮುಖದಲ್ಲಿ ಇತ್ತು.

‘ಅಣ್ಣಾ, ಡೈ ತಿರುಗಿಸಿದರೆ ಆಗುತ್ತಲ್ಲ?’

‘ತಿರುಗಸೂದು ಅಂದ್ರ ಸುಮ್ನ ಆತೇನ್ರೀ? ಸೆಟಿಂಗ್ ಎಲ್ಲಾ ಹೋಗ್ತದ. ಈ ಬ್ರಾಕೆಟ್ ಇವತ್ತ ಹೋಗಬೇಕು.’

ಅವರದ್ದೂ ತಪ್ಪಲ್ಲ. ಮೇಲಿಂದ ಒತ್ತುವ ಪಂಚ್ ಮತ್ತು ಡೈಯ ನಡುಗೆರೆ ಒಂದು ಕೂದಲು ತಪ್ಪಿದರೂ ಅಷ್ಟು ಟನ್ ಒತ್ತಡದಲ್ಲಿ ಪಂಚಿನ ಮೂಗು ಹಾರುತ್ತದೆ. ಆ ಖರ್ಚು ಯಾರು ಕೊಡುತ್ತಾರೆ? ನಾನು ವಾದ ಮಾಡಲಿಲ್ಲ. ಹಳೆ ತುಂಡು ಅವರ ಕೈಗೆ ಕೊಟ್ಟೆ. ಯಾವ ಕಾರಿನದು, ಎಲ್ಲಿ ಓಡಿದ್ದು ಅಂತ ಹೇಳಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಬ್ರಾಕೆಟ್ ಮುಗೀಲಿ, ನಿಂದರ್ರಿ’ ಅಂದರು.

ಕತ್ತಲಾಗುವ ಹೊತ್ತಿಗೆ ಬೋಲ್ಟ್ ಸಡಿಲಿಸಿ, ಚೈನ್ ಬ್ಲಾಕಿನಲ್ಲಿ ಡೈ ಎತ್ತಿ ತಿರುಗಿಸಿದರು. ಪಂಚನ್ನು ಮೆಲ್ಲಗೆ ಇಳಿಸಿದರು. ಕೂದಲಷ್ಟು ಇಳಿಸುವುದು, ನಿಲ್ಲಿಸುವುದು, ಈ ತುದಿಯಲ್ಲಿ ಟಾರ್ಚ್ ಹಿಡಿದು ನೋಡುವುದು, ಆ ತುದಿಗೆ ಹೋಗಿ ನೋಡುವುದು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಅವರ ಫೋನು ಬಡಿಯುತ್ತಲೇ ಇತ್ತು, ಎತ್ತಲಿಲ್ಲ. ಪಟ್ಟಿ ಇಟ್ಟು ಪೆಡಲ್ ಒತ್ತಿದಾಗ ಸದ್ದೇ ಬರಲಿಲ್ಲ. ತೆಗೆದು ಮೂಲೆ ನೋಡುವ ಟ್ರೈಸ್ಕ್ವೇರ್ ಹಿಡಿದರು. ಸ್ವಲ್ಪ ತೆರೆದುಕೊಂಡಿತ್ತು. ಮಡಚಿದ ಶೀಟು ಒಂದೆರಡು ಡಿಗ್ರಿ ಹಿಂದೆ ಬರುತ್ತದೆ, ಅದಕ್ಕೇ ತುಸು ಜಾಸ್ತಿ ಒತ್ತಬೇಕು. ಇನ್ನೊಮ್ಮೆ ಒತ್ತಿದರು. ಕಾಟಕೋನ (90 ಡಿಗ್ರಿ) ಕೂತಿತು. ಹಳೆ ತುಂಡನ್ನು ಹೊಸದರ ಒಳಗೆ ಇಟ್ಟರೆ ಬೆಳಕು ಹಾಯಲಿಲ್ಲ. ಆಪರೇಟರ್ ಅಣ್ಣ ಮಾತಾಡದೆ ಮುಂದಿನ ಪಟ್ಟಿಗೆ ಕೈ ಚಾಚಿದರು. ಅವರ ಋಣ ನನ್ನ ಮೇಲಿದೆ.

ಕಾರವಾರಕ್ಕೆ ತಂದ ಮೇಲೆ ತಿರುವಿನ ಕೆಲಸ. ಕೌಲಿನ ಆಕಾರಕ್ಕೆ ಪ್ಲೈವುಡ್ ಅಚ್ಚು ಕತ್ತರಿಸಿಕೊಂಡೆ. ರೈಲು ಹಳಿಯ ತುಂಡಿನ ಮೇಲೆ ಆ್ಯಂಗಲ್ಲಿನ ಒಂದೇ ಕಾಲನ್ನು ಸಣ್ಣ ಸಣ್ಣ ಏಟಿನಲ್ಲಿ ಬಡಿಯುತ್ತ ಹೋದರೆ ಆ ಕಾಲು ತೆಳ್ಳಗಾಗಿ ಉದ್ದವಾಗುತ್ತದೆ, ಆ್ಯಂಗಲ್ ತಾನೇ ಬಾಗುತ್ತದೆ. ಆತುರ ಮಾಡಿದರೆ ಸೀಳುತ್ತದೆ. ನಾಲ್ಕು ಏಟು, ಅಚ್ಚಿಗೆ ಹಿಡಿದು ನೋಡು, ಮತ್ತೆ ನಾಲ್ಕು ಏಟು. 1.2 ಎಂಎಂ ಹೇಳಿದ ಮಾತು ಕೇಳುತ್ತದೆ. 3 ಎಂಎಂ ತಂದವರಿಗೆ ಇದನ್ನು ಕರೆದು ತೋರಿಸಿದೆ.

ಕೊನೆಯ ಜಗಳ ಟೇಪಿನದು. ಕಬ್ಬಿಣ, ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ನಡುವೆ ಉಪ್ಪುನೀರಿನ ತೇವ ಕೂತರೆ ಮೊದಲು ಕರಗುವುದು ಅಲ್ಯೂಮಿನಿಯಂ. ನಮ್ಮ ಕರಾವಳಿಯಲ್ಲಿ ಗಾಳಿಯೇ ಉಪ್ಪು. ಅದಕ್ಕೆ ಆ್ಯಂಗಲ್ಲಿಗೆ ಎಪಾಕ್ಸಿ ಪ್ರೈಮರ್, ಅದು ಒಣಗಿದ ಮೇಲೆ ರಬ್ಬರಿನಂಥ ಬ್ಯೂಟೈಲ್ ಟೇಪ್, ಆಮೇಲೆ ಸ್ಕಿನ್, ಅಲ್ಯೂಮಿನಿಯಂ ರಿವೆಟ್. ರಿವೆಟ್ ತೂತಿನ ಅಂಚಿಗೂ ಪ್ರೈಮರ್ ಮುಟ್ಟಿಸಬೇಕು. ಟೇಪಿನ ಬಿಲ್ ನೋಡಿ ಮ್ಯಾನೇಜರ್ ‘ಇದು ಯಾಕೋ?’ ಅಂದರು. ಹಳೆ ಸ್ಕಿನ್ನಿನ ಅಂಚನ್ನು ಅವರ ಟೇಬಲ್ ಮೇಲೆ ಇಟ್ಟು ಬೆರಳಲ್ಲಿ ಒತ್ತಿದೆ. ಬಿಳಿ ಪುಡಿ ಉದುರಿತು. ಬಿಲ್ಲಿಗೆ ಸಹಿ ಹಾಕಿದರು. ಈಗ ಕೌಲು, ಕಾಕ್‌ಪಿಟ್ ಮುಗಿದಿದೆ. ಬಾಲದ ಕೆಲಸಕ್ಕೆ ಇನ್ನೂ ಪಟ್ಟಿ ಬೇಕು. ಆರ್ಡರ್ ಚೀಟಿಯಲ್ಲಿ ಆ್ಯಂಗಲ್ ಅಂತ ಬರೆಯಲು ನಾನು ಬಿಟ್ಟಿಲ್ಲ. ‘ಸಿಆರ್ ಶೀಟ್ 18 ಗೇಜು, 23 ಎಂಎಂ ಪಟ್ಟಿ, 10ರ ವಿಯಲ್ಲಿ ಮಡಚಬೇಕು’ ಅಂತ ನಾನೇ ಬರೆದುಕೊಟ್ಟಿದ್ದೇನೆ.