ಒತ್ತೊತ್ತು

ಬೆಳಿಗ್ಗೆ ಉಡುಪಿಯ ರಥಬೀದಿಯಲ್ಲಿ ಶಂಕರಪುರ ಮಲ್ಲಿಗೆ ತಗೊಂಡೆ. ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟಿ. ಹೂ ಮಾರುವ ಅಮ್ಮ ಬಾಳೆಎಲೆ ಬಿಡಿಸಿ, "ಎಣಿಸುವುದು ಬೇಡ ಮಗಾ, ಒತ್ತೊತ್ತು ಕಟ್ಟಿದ್ದೇನೆ, ಮುಟ್ಟಿ ನೋಡು" ಅಂದರು.

ಮುಟ್ಟಿದೆ. ಮೊಗ್ಗಿಗೆ ಮೊಗ್ಗು ತಾಗಿಕೊಂಡು, ನಡುವಿನ ಬಾಳೆನಾರು ಕೂಡ ಕಾಣುವುದಿಲ್ಲ. 'ದಟ್ಟ' ಅಂದರೆ ಕಣ್ಣಿಗೆ ಕಂಡೀತು, 'ಒತ್ತೊತ್ತು' ಮಾತ್ರ ಬೆರಳಿಗೇ ಗೊತ್ತಾಗುವ ಮಾತು. ಎಷ್ಟು ಚೆಂದದ ಪದ! ಒತ್ತು ಶ್ಯಾವಿಗೆಯಲ್ಲಿರುವುದೂ ಇದೇ ಒತ್ತು. ಅಕ್ಷರದ ಬುಡಕ್ಕೆ ಅಂಟಿ ಕೂರುವ ಒತ್ತಕ್ಷರದ್ದೂ ಇದೇ. 'ಅಟ್ಟಿ' ಎಂದು ಬರೆದು ನೋಡಿ, ಟಕಾರದ ಕೆಳಗೆ ಇನ್ನೊಂದು ಟಕಾರ ಒತ್ತಿಕೊಂಡು ಕೂತಿದೆ.

ಹೂ ಈಗ ದೇವರ ಪಟದ ಮೇಲೆ. ಅಡುಗೆಮನೆಯವರೆಗೂ ಪರಿಮಳ.