ಫಲಿತಾಂಶಕ್ಕೆ ಮೊದಲಿನ ಸಾಕ್ಷಿ

ಧಾರವಾಡದ ಸಪ್ತಾಪುರದ ಕಡೆ ಒಂದು ಸುತ್ತು ಹಾಕಿದವರಿಗೆ ನನ್ನ ಕೆಲಸದ ಜಾಗ ಯಾವುದೆಂದು ಗೊತ್ತಾಗುತ್ತದೆ. ಕೋಚಿಂಗ್ ಸೆಂಟರು, ರೀಡಿಂಗ್ ರೂಮು, ಜೆರಾಕ್ಸ್ ಅಂಗಡಿ, ಖಾನಾವಳಿ, ಅವುಗಳ ಮೇಲೆ ಬಾಡಿಗೆ ರೂಮುಗಳು. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗಾಗಿ ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಇಲ್ಲಿ ವರ್ಷಗಟ್ಟಲೆ ಕೂತು ಓದುತ್ತಾರೆ. ಅವರಲ್ಲಿ ಕ್ರೈಸ್ತ ಮನೆಗಳಿಂದ ಬಂದವರನ್ನು ಪರಿಚಯ ಮಾಡಿಕೊಳ್ಳುವುದು, ಶನಿವಾರ ಸಂಜೆಯ ಯೌವನಸ್ಥರ ಕೂಟ ನಡೆಸುವುದು, ಉಳಿದ ದಿನಗಳಲ್ಲಿ ಅವರ ಕೈಗೆ ಸಿಗುವಂತೆ ಇರುವುದು ನನ್ನ ಕೆಲಸ. ಸಭೆಯ ಕಾಗದಪತ್ರದಲ್ಲಿ ನಾನು ಯುವಜನ ಕಾರ್ಯಕರ್ತೆ, ಅವರ ಬಾಯಲ್ಲಿ ಅಕ್ಕ.

ಗದಗ-ಬೆಟಗೇರಿಯ ಹಳೆಯ ಬಾಸೆಲ್ ಮಿಷನ್ ಕುಟುಂಬಗಳ ಮಕ್ಕಳಿದ್ದಾರೆ, ಬೀದರ್ ಕಡೆಯ ಮೆಥೋಡಿಸ್ಟ್ ಸಭೆಗಳವರಿದ್ದಾರೆ, ಕ್ಯಾಥೊಲಿಕರಿದ್ದಾರೆ, ಇಡೀ ಮನೆಯಲ್ಲಿ ತಾನೊಬ್ಬನೇ ನಂಬಿದವನು ಎನ್ನುವವರೂ ಇದ್ದಾರೆ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅವರು ಕಾಲಿಟ್ಟಲ್ಲೆಲ್ಲ ಚರ್ಚಿನ ಬೆನ್ನಿಗೇ ಶಾಲೆ ಬಂತು. ನಾಲ್ಕಕ್ಷರ ಕಲಿತದ್ದರಿಂದಲೇ ನಮ್ಮ ಅಜ್ಜ ಅಜ್ಜಿಯರು ತಲೆ ಎತ್ತಿ ನಡೆದರು. ಅದಕ್ಕೇ ನಮ್ಮ ಮನೆಗಳಲ್ಲಿ ಓದಿಗೂ ದೇವರ ಆಶೀರ್ವಾದಕ್ಕೂ ನಂಟು ಬಹಳ ಗಟ್ಟಿ. ಒಳ್ಳೆಯ ನಂಟೇ. ಆದರೆ ಪರೀಕ್ಷೆ ಕೈಕೊಟ್ಟ ದಿನ ದೇವರೂ ಕೈಬಿಟ್ಟ ಎಂದು ಹುಡುಗರಿಗೆ ಅನ್ನಿಸುವುದು ಕೂಡ ಅದೇ ನಂಟಿನಿಂದ.

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಸಾಕ್ಷಿ ಹೇಳುವುದಕ್ಕೆ, ಅಂದರೆ ದೇವರು ತನಗೆ ಮಾಡಿದ್ದನ್ನು ಎಲ್ಲರೆದುರು ಹೇಳುವುದಕ್ಕೆ, ಸಂಬಂಧಿಸಿದ್ದು. ಕೂಟದಲ್ಲಿ ಹಾಡು ಮುಗಿದ ಮೇಲೆ "ಸಾಕ್ಷಿ ಇರುವವರು ಮುಂದೆ ಬನ್ನಿ" ಎನ್ನುತ್ತೇವೆ. ಯಾರು ಬರುತ್ತಾರೆ? ಪಾಸಾದವರು, ನೌಕರಿ ಸಿಕ್ಕವರು, ಕಾಯಿಲೆ ವಾಸಿಯಾದವರು. ಪ್ರಾರ್ಥಿಸಿದೆ, ಸಿಕ್ಕಿತು, ದೇವರಿಗೆ ಸ್ತೋತ್ರ. ಅವರ ಸಂತೋಷ ನಿಜವಾದದ್ದು, ಅದನ್ನು ಕೇಳುವುದು ನನಗೂ ಸಂತೋಷ. ಆದರೆ ಅದೇ ಬೆಂಚಿನಲ್ಲಿ ಅದೇ ಉಪವಾಸ ಮಾಡಿ, ಅದೇ ಪ್ರಾರ್ಥನೆ ಮಾಡಿ, ಕಟ್-ಆಫ್‌ಗೆ ಸ್ವಲ್ಪವೇ ಕಡಿಮೆ ಬಿದ್ದವರು ಕೂತಿರುತ್ತಾರೆ. ಅವರು ಎದ್ದು ಬರುವುದಿಲ್ಲ. ಮುಂದಿನ ಶನಿವಾರ ಕೂಟಕ್ಕೇ ಬರುವುದಿಲ್ಲ.

ಪಿಎಸ್‌ಐ ಪರೀಕ್ಷೆಯ ಕಥೆ ಇದನ್ನು ನನಗೆ ಮರೆಯಲಾಗದ ಹಾಗೆ ತೋರಿಸಿತು. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಅವತ್ತು ಭಾನುವಾರ; ಆರಾಧನೆ ತಪ್ಪಿತಲ್ಲ ಎಂಬ ಅಳುಕಿನಲ್ಲೇ ನಮ್ಮ ಹುಡುಗರು ಕೇಂದ್ರಕ್ಕೆ ಹೋಗಿದ್ದರು. ರಾಜ್ಯದಲ್ಲಿ 50,000ಕ್ಕೂ ಹೆಚ್ಚು ಜನ ಬರೆದರು. 2022ರ ಜನವರಿಯಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಬಂತು. ನಮ್ಮ ಕೂಟದ ಒಬ್ಬ ಹುಡುಗನ ಹೆಸರು ಅದರಲ್ಲಿತ್ತು. (ಯಾರೆಂದು ಗೊತ್ತಾಗಬಾರದೆಂದು ಅವನ ಊರು, ಮನೆಯ ವಿವರ ಹೇಳುತ್ತಿಲ್ಲ.) ಅವನ ತಾಯಿ ಊರಿಂದ ಬಂದು ಕೃತಜ್ಞತಾ ಕಾಣಿಕೆ ಕೊಟ್ಟರು. ಅವನು ಇಡೀ ಸಭೆಯೆದುರು ಸಾಕ್ಷಿ ಹೇಳಿದ. ಆಮೇಲೆ ಅಕ್ರಮ ಬಯಲಾಯಿತು, ಏಪ್ರಿಲ್ ಕೊನೆಗೆ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಅಕ್ರಮ ಮಾಡಿದವರ ಜೊತೆಗೆ ರಾತ್ರಿ ಹಗಲು ಓದಿ ಬರೆದವರೂ ಬೀದಿಗೆ ಬಿದ್ದರು. ಬಂಧುಬಳಗದಲ್ಲಿ ಮಾತು ಇನ್ನೂ ಕೆಟ್ಟದಾಗಿ ಓಡಾಡಿತು: ಇವನೂ ದುಡ್ಡು ಕೊಟ್ಟಿದ್ದನೇನೋ.

ಅವನು ಕೂಟಕ್ಕೆ ಬರುವುದು ನಿಂತಿತು. ಬಹಳ ದಿನದ ಮೇಲೆ ಖಾನಾವಳಿಯಲ್ಲಿ ಸಿಕ್ಕ. ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಕೇಳಿದ: "ಅಕ್ಕಾ, ಹಂಗಾರ ನಾ ಹೇಳಿದ ಸಾಕ್ಷಿ ಸುಳ್ಳ ಆತೇನ್ರಿ?"

ಆ ಪ್ರಶ್ನೆಗೆ ಒಂದು ವಚನ ಹೇಳಿ ಮುಗಿಸುವ ಹಾಗಿರಲಿಲ್ಲ. ಅವನು ಕೇಳುತ್ತಿದ್ದುದು ಪರೀಕ್ಷೆಯ ಬಗ್ಗೆ ಆಗಿರಲಿಲ್ಲ. ದೇವರ ಹೆಸರು ಹೇಳಿ ಜನರೆದುರು ನಿಂತಿದ್ದ, ಈಗ ಆ ಹೆಸರಿಗೇ ಕಳಂಕ ತಂದೆನೋ ಎಂಬ ನಾಚಿಕೆ ಅವನನ್ನು ತಿನ್ನುತ್ತಿತ್ತು. ಅವತ್ತು ಅವನ ಜೊತೆ ಊಟ ಮಾಡಿ, ವಾರಕ್ಕೊಮ್ಮೆ ಒಟ್ಟಿಗೆ ಉಣ್ಣೋಣ ಎಂದು ಮಾತಾಡಿಕೊಂಡೆವು. ಮೆಲ್ಲಗೆ ಇನ್ನೂ ಕೆಲವರು ಆ ಊಟಕ್ಕೆ ಸೇರಿಕೊಂಡರು. ಬೈಬಲಿನ ಪ್ರವಾದಿ ಎಲೀಯನು ಸಾವು ಬೇಡಿಕೊಂಡು ಮರುಭೂಮಿಯಲ್ಲಿ ಗಿಡದಡಿ ಮಲಗಿದಾಗ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ತಿಂದು ಮತ್ತೆ ಮಲಗಲು ಬಿಟ್ಟ, ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. "ಎಲೀಯನೇ, ಇಲ್ಲೇನು ಮಾಡುತ್ತೀ?" ಎಂಬ ಪ್ರಶ್ನೆ ಬಂದದ್ದು ಹೋರೇಬ್ ಬೆಟ್ಟ ತಲುಪಿದ ಮೇಲೆ. 1 ಅರಸುಗಳು 19ನೇ ಅಧ್ಯಾಯದ ಆ ಕ್ರಮವನ್ನು ನಾನು ನನ್ನ ಕೆಲಸದ ಕ್ರಮವಾಗಿ ಇಟ್ಟುಕೊಂಡಿದ್ದೇನೆ. ತಿಂಗಳ ಕೊನೆಯಲ್ಲಿ ಮೆಸ್ಸಿನ ದುಡ್ಡಿಲ್ಲದೆ ಒಂದೇ ಹೊತ್ತು ಉಂಡು ಓದುವವರಿದ್ದಾರೆ. ಅಂಥವರಿಗೆ ಬರೀ ಹೊಟ್ಟೆಯಲ್ಲಿ ವಿಶ್ವಾಸದ ಪಾಠ ಹೇಳಬಾರದು.

ಆ ಮಳೆಗಾಲದಲ್ಲಿ ಊಟದ ಗುಂಪು ಯೆರೆಮೀಯನ ಪುಸ್ತಕ ಓದಲು ಶುರು ಮಾಡಿತು. 29ನೇ ಅಧ್ಯಾಯದ 11ನೇ ವಚನ ಎಲ್ಲರಿಗೂ ಬಾಯಿಪಾಠ. ದೇವರ ಯೋಜನೆ ನಿಮ್ಮ ಹಿತಕ್ಕಾಗಿ, ನಿಮಗೆ ಮುಂದೆ ಒಳ್ಳೆಯ ಗತಿಯಿದೆ ಎಂಬ ಭರವಸೆ ಅದು. ರೂಮಿನ ಗೋಡೆಯ ಮೇಲೆ, ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ, ಪರೀಕ್ಷೆಯ ಹಿಂದಿನ ದಿನದ ಸಂದೇಶದಲ್ಲಿ ಎಲ್ಲೆಡೆ ಅದೇ. ಅದರ ಹಿಂದಿನ ವಚನವನ್ನು ಒಬ್ಬಳಿಗೆ ಗಟ್ಟಿಯಾಗಿ ಓದಲು ಹೇಳಿದೆ. ಬಾಬಿಲೋನಿಗೆ ಸೆರೆಹೋದ ಜನರಿಗೆ ಹೇಳಿದ ಮಾತದು; ಬಾಬಿಲೋನಿನಲ್ಲಿ 70 ವರ್ಷ ಕಳೆದ ಮೇಲೆ, ಎಂದಿದೆ ಅಲ್ಲಿ. ಎಲ್ಲರೂ ಸುಮ್ಮನಾದರು. ಆಮೇಲೆ 28ನೇ ಅಧ್ಯಾಯಕ್ಕೆ ಹೋದೆವು. ಅಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಯಾಗುತ್ತದೆ, ಸೆರೆಹೋದವರು ವಾಪಸ್ ಬರುತ್ತಾರೆ ಎಂದು ದೇವರ ಹೆಸರಿನಲ್ಲೇ ಸಾರುತ್ತಾನೆ. ಯೆರೆಮೀಯನು ಅದಕ್ಕೆ "ಆಮೆನ್, ಹಾಗೇ ಆಗಲಿ" ಎನ್ನುತ್ತಾನೆ. ಹಾಗೇ ಆದರೆ ಅವನಿಗೂ ಬೇಕಿತ್ತು. ಆದರೆ ಹನನ್ಯನ ಮಾತು ದೇವರದ್ದಾಗಿರಲಿಲ್ಲ.

ನಮ್ಮ ಯುವಜನ ಸೇವೆಯಲ್ಲಿ ಹನನ್ಯನ ದನಿ ಬಹಳ ಜೋರಾಗಿದೆ. ಈ ವರ್ಷ ನಿನ್ನ ವರ್ಷ, ಈ ತಿಂಗಳೇ ಬಾಗಿಲು ತೆರೆಯುತ್ತದೆ ಎಂದು ಹುಡುಗರ ತಲೆಯ ಮೇಲೆ ಕೈಯಿಟ್ಟು ಹೇಳಿ ಹೋಗುವ ಪ್ರಸಂಗಿಗಳನ್ನು ಕಂಡಿದ್ದೇನೆ. ಅವರು ಮುಂದಿನ ಊರಿಗೆ ಹೋಗುತ್ತಾರೆ. ಬಾಗಿಲು ತೆರೆಯದಿದ್ದಾಗ ಆ ಹುಡುಗ "ನನ್ನ ನಂಬಿಕೆ ಸಾಲದಾಯಿತು" ಎಂದು ತನ್ನನ್ನೇ ಬೈದುಕೊಳ್ಳುತ್ತಾನೆ. ಇದು ಸಣ್ಣ ಗಾಯವಲ್ಲ. ಧರ್ಮ ಮತ್ತು ಮನಸ್ಸಿನ ಸಂಬಂಧದ ಮೇಲೆ ಕೆಲಸ ಮಾಡಿದ ಅಮೆರಿಕದ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ಇಂಥದ್ದನ್ನೇ ತೋರಿಸಿದ್ದಾರೆ. ಕಷ್ಟದಲ್ಲಿ ದೇವರು ಜೊತೆಗಿದ್ದಾನೆ ಎಂದು ಆತುಕೊಳ್ಳುವವರಿಗೆ ವಿಶ್ವಾಸ ಬಲ ಕೊಡುತ್ತದೆ. ದೇವರು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂದು ಕೊರಗುವವರಲ್ಲಿ ಸಂಕಟ ಹೆಚ್ಚಾಗಿ ಕಾಣುತ್ತದೆ. ಎರಡೂ ವಿಶ್ವಾಸಿಗಳ ಒಳಗೇ ನಡೆಯುವುದು. ಯಾವುದು ಬೆಳೆಯುತ್ತದೆ ಎಂಬುದರಲ್ಲಿ ನಾವು ಕೂಟದಲ್ಲಿ ಆಡುವ ಮಾತಿಗೂ ಪಾಲಿದೆ.

ಯೆರೆಮೀಯನು ಸೆರೆಹೋದವರಿಗೆ ಬರೆದದ್ದು ಬೇರೆ ಥರದ ಕಾಗದ. ಮನೆ ಕಟ್ಟಿಕೊಂಡು ವಾಸಿಸಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ನಮ್ಮ ಹುಡುಗರಿಗೆ ಇದು ಚುರುಕ್ಕೆಂದಿತು. ಅವರ ಬಾಯಲ್ಲಿ ಸದಾ ಒಂದೇ ಮಾತು: ನೌಕರಿ ಸಿಕ್ಕ ಮ್ಯಾಲೆ. ಗೆಳೆತನ, ಹಾಡು, ಕ್ರಿಕೆಟ್ಟು, ಅಪ್ಪನ ಜೊತೆ ನಾಲ್ಕು ಮಾತು, ಎಲ್ಲ ನೌಕರಿ ಸಿಕ್ಕ ಮ್ಯಾಲೆ. ವರ್ಷಗಟ್ಟಲೆ ಇದ್ದ ಊರಿನಲ್ಲಿ ರೂಮು ಮತ್ತು ಕ್ಲಾಸು ಬಿಟ್ಟು ಒಂದು ಓಣಿ ಕೂಡ ಪರಿಚಯವಿಲ್ಲ. ಆ ಓದಿನ ನಂತರ ಇಬ್ಬರು ಹುಡುಗಿಯರು ತಾವಾಗಿ ಚರ್ಚಿನ ಹಿಂದಿನ ಓಣಿಯ ಮಕ್ಕಳಿಗೆ ಭಾನುವಾರ ಮಧ್ಯಾಹ್ನ ಲೆಕ್ಕ ಹೇಳಿಕೊಡಲು ಶುರು ಮಾಡಿದರು. ಒಬ್ಬಳು ಹೇಳಿದಳು, "ಆ ಹುಡುಗ್ರು ನನ್ನ ಟೀಚರ್ ಅಂತಾರ್ರಿ ಅಕ್ಕಾ. ವಾರಪೂರ್ತಿ ನಾ ಏನೂ ಅಲ್ಲ ಅನ್ನಿಸಿದ್ರೂ ಭಾನುವಾರ ಒಂದ ತಾಸು ಏನೋ ಅದೀನಿ."

ಬೈಬಲಿನ ಕೀರ್ತನೆಗಳನ್ನೂ ಬೇರೆ ಥರ ಓದತೊಡಗಿದೆವು. ಸ್ತುತಿಯ ಕೀರ್ತನೆಗಳು ನಮಗೆ ಗೊತ್ತು. ಗೋಳಾಟದವು ಅಷ್ಟೇ ಇದ್ದರೂ ಕೂಟಗಳಲ್ಲಿ ಅವನ್ನು ಯಾರೂ ತೆರೆಯುವುದಿಲ್ಲ. 13ನೇ ಕೀರ್ತನೆ ಇನ್ನೆಷ್ಟರವರೆಗೆ, ಇನ್ನೆಷ್ಟರವರೆಗೆ ಎಂದು ನಾಲ್ಕು ಸಲ ಕೇಳುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸಮಾಧಾನದ ಮಾತೂ ಇಲ್ಲ. ಅಂಥದ್ದು ದೇವರ ವಾಕ್ಯದೊಳಗೇ ಇದೆ ಎಂದು ತಿಳಿದಾಗ ಹುಡುಗರ ಮುಖ ಬದಲಾದದ್ದನ್ನು ಕಂಡೆ. ದೇವರೆದುರು ಹೀಗೂ ಮಾತಾಡಬಹುದಾ? ಮಾತಾಡಬಹುದು. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲನ್ನು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ನಮ್ಮ ಊಟದ ಗುಂಪಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡೆವು: ಒಬ್ಬರು ತಮ್ಮ ಗೋಳು ಹೇಳಿದಾಗ ಮಿಕ್ಕವರು ಅವತ್ತೇ ಉತ್ತರ ಕೊಡಬಾರದು, ವಚನ ಕಳಿಸಬಾರದು. ಕೇಳಬೇಕು, ಹೆಸರು ಹಿಡಿದು ಪ್ರಾರ್ಥಿಸಬೇಕು, ಮಾರನೆಯ ದಿನ ಫೋನ್ ಮಾಡಬೇಕು. ಮಾರನೆಯ ದಿನದ ಫೋನೇ ಹೆಚ್ಚು ಕೆಲಸ ಮಾಡುತ್ತದೆ.

ಸಭಾ ಹಿರಿಯರು ಒಮ್ಮೆ ಕೇಳಿದರು: ಊಟ, ಫೋನು, ಓಡಾಟ ಇದರಿಂದ ಫಲವೇನು, ಕ್ಯಾಂಪ್‌ಗಳು ಯಾಕೆ ಕಡಿಮೆಯಾದವು? ನ್ಯಾಯವಾದ ಪ್ರಶ್ನೆ, ಅದು ಸಭೆಯ ದುಡ್ಡು. ನಾನು ಕವಾಯಿ ದ್ವೀಪದ ಅಧ್ಯಯನದ ಬಗ್ಗೆ ಹೇಳಿದೆ. ಹವಾಯಿಯ ಆ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಕಾಯಿಲೆಯ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಗಟ್ಟಿಯಾಗಿ ನಿಂತರು. ಹಾಗೆ ನಿಂತವರ ಬದುಕಿನಲ್ಲಿ ಕಂಡುಬಂದದ್ದರಲ್ಲಿ ಮುಖ್ಯವಾದದ್ದು ಕೈಬಿಡದ ಒಬ್ಬ ದೊಡ್ಡವರು: ಅಜ್ಜಿಯೋ, ಶಿಕ್ಷಕರೋ, ಚರ್ಚಿನವರೋ. ಕ್ಯಾಂಪಿನಲ್ಲಿ ಮೂರು ದಿನ ಕುಣಿದು ಅತ್ತು ಮನೆಗೆ ಹೋದವರಿಗೆ ಅಂಥ ಒಬ್ಬರು ಸಿಗುವುದು ಕಷ್ಟ. ಹಿರಿಯರಲ್ಲೇ ಕೆಲವರು ಈಗ ಒಬ್ಬೊಬ್ಬ ವಿದ್ಯಾರ್ಥಿಯನ್ನು ತಮ್ಮ ಮನೆಯ ಊಟಕ್ಕೆ ಕರೆಯುತ್ತಾರೆ. ಓದು ಹೇಗೆ ನಡೆದಿದೆ ಎಂದು ಕೇಳಬೇಡಿ ಅಂತಷ್ಟೇ ಅವರಿಗೆ ಹೇಳಿದ್ದೇನೆ.

ಪ್ರಾರ್ಥನೆಯೊಂದರಿಂದಲೇ ನಿಭಾಯಿಸಬಾರದ ಸ್ಥಿತಿಯೂ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಯಾರಾದರೂ "ಇರೋದ ಬ್ಯಾಡ ಅನಸ್ತೈತಿ" ಎಂದಾಗ ನಾನು ನೇರವಾಗಿ ಕೇಳುತ್ತೇನೆ, ಸಾಯುವ ಯೋಚನೆ ಬಂದಿದೆಯಾ ಎಂದು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ತಪ್ಪು ತಿಳಿವಳಿಕೆ. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಆದರೆ ಅಲ್ಲಿಗೆ ಹೋಗಲು ನಮ್ಮ ಕಡೆಯವರಿಗೆ ಅಂಜಿಕೆ. ತಲೆಕೆಟ್ಟವರ ಹಾಗೆ ಆಡಿದರೆ "ಧಾರವಾಡಕ್ಕ ಕಳಸಬೇಕು" ಎಂಬ ಹೀಯಾಳಿಕೆ ಉತ್ತರ ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಚೀಟಿ ಮಾಡಿಸುವುದರಿಂದ ಹಿಡಿದು ಡಾಕ್ಟರ ಬಾಗಿಲಿನವರೆಗೆ ನಾನೇ ಜೊತೆಗೆ ಹೋಗುತ್ತೇನೆ. ರಾತ್ರಿ ಹೊತ್ತಿಗೆ ಟೆಲಿ-ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ಸಂಖ್ಯೆ ನಮ್ಮ ಹಾಡಿನ ಹಾಳೆಯ ಹಿಂಬದಿಯಲ್ಲಿ ಅಚ್ಚಾಗಿದೆ.

ಇನ್ನೊಂದು ಭಾರ ಹೊರಗಿನವರಿಗೆ ಕಾಣುವುದಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದೊಳಗೆ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಜಾಗ ಸಿಕ್ಕಿತು. ಕ್ರೈಸ್ತರಾದ ದಲಿತರಿಗೆ ಸಿಗಲಿಲ್ಲ; ಕ್ರೈಸ್ತರು ಎಂದು ಬರೆದರೆ ಪರಿಶಿಷ್ಟ ಜಾತಿಯ ಮೀಸಲಾತಿ ಇಲ್ಲ. ಅರ್ಜಿ ತುಂಬುವಾಗ ಧರ್ಮದ ಕಾಲಂ ಮುಂದೆ ಕೂತ ಹುಡುಗಿಯ ಕೈ ನಿಲ್ಲುತ್ತದೆ. ಅದು ವಿಶ್ವಾಸದ ಕೊರತೆ ಎಂದು ಯಾರಾದರೂ ಅವಳಿಗೆ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಮನೆಯ ಬಡತನವನ್ನೂ ದೇವರ ಮೇಲಿನ ಪ್ರೀತಿಯನ್ನೂ ಒಂದೇ ಹಾಳೆಯ ಮೇಲೆ ತೂಗಬೇಕಾದ ಗತಿ ಅವಳಿಗೆ ಬಂದಿದೆ. ಅದರ ಭಾರ ಗೊತ್ತಿದ್ದವರು ಮಾತ್ರ ಅವಳಿಗೆ ಸಲಹೆ ಕೊಡಲಿ.

ಪಿಎಸ್‌ಐ ಮರುಪರೀಕ್ಷೆ ಸರಿ ಎಂದು ಹೈಕೋರ್ಟು 2023ರ ನವೆಂಬರಿನಲ್ಲಿ ಹೇಳಿತು, 2024ರ ಜನವರಿ 23ರಂದು ಪರೀಕ್ಷೆ ನಡೆಯಿತು. ಅದರ ಹಿಂದಿನ ಶನಿವಾರ ಸಾಕ್ಷಿಯ ಹೊತ್ತಿಗೆ ಆ ಹುಡುಗ ಎದ್ದು ಬಂದ. "ಪಾಸಾಗತೀನೋ ಇಲ್ಲೋ ಗೊತ್ತಿಲ್ಲ. ಎರಡ ವರ್ಷ ದೇವರ ಮ್ಯಾಲೆ ಸಿಟ್ಟ ಮಾಡ್ಕೊಂಡಿದ್ದೆ, ಆವಾಗೂ ಅಂವ ನನ್ನ ಬಿಟ್ಟಿರಲಿಲ್ಲ. ಇದನ್ನ ಪರೀಕ್ಷೆಕ್ಕಿಂತ ಮೊದಲ ಹೇಳಬೇಕಂತ ಬಂದೀನಿ." ಅವನ ಹಿಂದೆಯೇ ಇನ್ನೂ ನಾಲ್ಕೈದು ಮಂದಿ ಎದ್ದರು, ಯಾರ ಕೈಯಲ್ಲೂ ಫಲಿತಾಂಶ ಇರಲಿಲ್ಲ. ಆವತ್ತಿನಿಂದ ನಮ್ಮ ಕೂಟದಲ್ಲಿ ಹಾಲ್ ಟಿಕೆಟ್ ಬಂದ ವಾರವೇ ಸಾಕ್ಷಿಯ ವಾರ.

ಮರುಪರೀಕ್ಷೆಯ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಇನ್ನೊಂದು ಸಲ ಬರಿ ಎಂದು ನಾನು ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಅವನೇ ಯೋಚಿಸಿ ಊರಿಗೆ ಮರಳಿ ಅಣ್ಣನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಪಾಲುದಾರನಾದ. ಓದು ನಿಲ್ಲಿಸಿ ಮನೆಗೆ ಹೋದವರನ್ನು ಸೋತವರೆಂದು ಎಣಿಸುವ ರೂಢಿ ಸಪ್ತಾಪುರದಲ್ಲಿ ಬಲವಾಗಿದೆ, ಹಾಗಾಗಿ ಇನ್ನೂ ತೀರ್ಮಾನಿಸಲಾಗದೆ ಒದ್ದಾಡುತ್ತಿರುವವರಿಗೆ ಮಾತಾಡಲು ಅಂಥವರೇ ಬೇಕು. ಮುಂದಿನ ಕೂಟಗಳ ಪಟ್ಟಿಯಲ್ಲಿ ಒಂದು ಸಂಜೆಯನ್ನು ಅವನಿಗೆ ಬಿಟ್ಟಿದ್ದೇನೆ. ಹಂಗಾಮಿನಲ್ಲಿ ಅಂಗಡಿ ಬಿಟ್ಟು ಬರಲಾಗದು, ಮಳೆ ಹಿಡಿದ ಮೇಲೆ ದಿನ ಹೇಳುತ್ತೇನೆ ಎಂದಿದ್ದಾನೆ.